ಮುರಿದ ಬಾಣಕ್ಕೆ ಗಟ್ಟಿ ಮರದ ಮೂತಿ

ಮರದ ಬಾಣ ಮುರಿಯುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಲೋಹದ ಮೊನೆಯ ಹಿಂದೆಯೇ. ಗುರಿ ತಪ್ಪಿ ಚಿರೆಕಲ್ಲಿನ ಗೋಡೆಗೆ ಬಡಿದರೆ ಸಾಕು, ಟಪ್ ಅಂತ ಹೋಗುತ್ತದೆ. ಉಳಿದ ಎರಡಡಿ ಕೋಲು, ಅಂಟಿಸಿದ ಗರಿ ಎಲ್ಲ ಚೆನ್ನಾಗೇ ಇರುತ್ತದೆ. ಅದನ್ನು ಒಲೆಗೆ ಹಾಕಲು ಮನಸ್ಸು ಬರುವುದಿಲ್ಲ, ಅಲ್ವಾ? ಇದಕ್ಕೆ ಹಳೆಯ ಕಾಲದ ಉಪಾಯ ಫೂಟೆಡ್ ಬಾಣ. ಕೋಲು ಹಗುರ ಮರದ್ದು, ಮುಂದಿನ ಒಂದು ಗೇಣು ಮಾತ್ರ ಗಟ್ಟಿ ಮರ. ಪೆಟ್ಟು ಬೀಳುವ ಕಡೆ ಬಲ ಬರುತ್ತದೆ. ಮುಂದೆ ತೂಕ ಇರುವುದರಿಂದ ಬಾಣ ತೊನೆಯದೆ ಹೋಗುತ್ತದೆ.

ಕೋಲಿಗೆ ಪೈನ್ ಸಾಕು. ಯಂತ್ರದ ಸಾಮಾನು ಬಂದ ಪೆಟ್ಟಿಗೆಯ ಹಲಗೆ ಗುಜರಿಯಲ್ಲಿ ಸಿಗುತ್ತದೆ. ಗಂಟಿಲ್ಲದ, ಎಳೆ ತುದಿಯಿಂದ ತುದಿಗೆ ನೇರವಾಗಿ ಓಡುವ ಪಟ್ಟಿ ಆರಿಸಿ. ಅದನ್ನು 9 ಮಿಲಿಮೀಟರ್ ದಪ್ಪಕ್ಕೆ ದುಂಡಗೆ ಕೀಸಿಕೊಳ್ಳಿ. ಮೂತಿಯ ಮರಕ್ಕೆ ನಮ್ಮ ಕಡೆ ಬರವಿಲ್ಲ. ಆಚಾರಿಯ ಕೊಟ್ಟಿಗೆಯಲ್ಲಿ ಬಿದ್ದ ಹೊನ್ನೆ, ಮತ್ತಿ, ಜಂಬೆಯ ಒಣಗಿದ ತುಂಡು ಕೇಳಿ. ಜಂಬೆ ಕೀಸುಳಿಯ ಅಲಗನ್ನೇ ತಿನ್ನುತ್ತದೆ, ಮೊದಲ ಸಲಕ್ಕೆ ಹೊನ್ನೆ ಒಳ್ಳೆಯದು. ಸಾಗವಾನಿಯಲ್ಲಿ ಎಣ್ಣೆ ಇರುತ್ತದೆ. ಥಿನ್ನರ್‌ನಲ್ಲಿ ಒರೆಸದಿದ್ದರೆ ಅಂಟು ಹಿಡಿಯುವುದಿಲ್ಲ.

ಗಟ್ಟಿ ಮರದಿಂದ 20 ಸೆಂಟಿಮೀಟರ್ ಉದ್ದ, 11 ಮಿಲಿಮೀಟರ್ ಚೌಕದ ತುಂಡು ಮಾಡಿ. ಒಂದು ತುದಿಯಿಂದ 14 ಸೆಂಟಿಮೀಟರ್ ಒಳಗಿನವರೆಗೆ ನಟ್ಟ ನಡುವೆ ಗರಗಸದಿಂದ ಸೀಳಬೇಕು. ಇಡೀ ಕೆಲಸದ ಪ್ರಾಣ ಈ ಸೀಳಿನಲ್ಲಿದೆ. ನಡುಗೆರೆಯನ್ನು ಎದುರುಬದುರಿನ ಎರಡೂ ಮುಖಕ್ಕೆ, ತುದಿಗೂ ಎಳೆದುಕೊಳ್ಳಿ. ಸಣ್ಣ ಹಲ್ಲಿನ ಗರಗಸ ಹಿಡಿದು ಸ್ವಲ್ಪ ಕೊಯ್ದು, ತುಂಡನ್ನು ತಿರುಗಿಸಿ, ಆ ಕಡೆಯಿಂದ ಸ್ವಲ್ಪ ಕೊಯ್ಯಿರಿ. ಅವಸರ ಬೇಡ. ಒಂದು ಕವಲು ದಪ್ಪ, ಇನ್ನೊಂದು ತೆಳು ಆದರೆ ಬಾಣ ಸೊಟ್ಟಗೆ ಕೂರುತ್ತದೆ. ಆಮೇಲೆ ಎಷ್ಟು ಕೀಸಿದರೂ ಸರಿಹೋಗುವುದಿಲ್ಲ.

ಈಗ ಕೋಲಿನ ತುದಿ. ಅದೇ 14 ಸೆಂಟಿಮೀಟರ್ ಉದ್ದಕ್ಕೆ ಎರಡು ಕಡೆಯಿಂದಲೂ ಸಮನಾಗಿ ಕೀಸಿ ಬೆಣೆ ಮಾಡಿ. ಬೆಣೆಯ ತುದಿ ಗರಗಸದ ಸೀಳಿನಷ್ಟೇ ದಪ್ಪ ಇರಲಿ. ಅಂಟಿಲ್ಲದೆ ಒಮ್ಮೆ ತೂರಿಸಿ, ಬೆಳಕಿಗೆ ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಕಂಡರೆ ಇನ್ನೂ ಕೆಲಸ ಇದೆ ಎಂದರ್ಥ.

ಸೀಳು ಮುಗಿಯುವ ಜಾಗಕ್ಕೆ ಮೊದಲೇ ದಾರ ಬಿಗಿಯಾಗಿ ಸುತ್ತಿ, ಇಲ್ಲವಾದರೆ ಮರ ಮುಂದಕ್ಕೂ ಸಿಗಿಯುತ್ತದೆ. ಅಂಟು ಹಚ್ಚಿ ಬೆಣೆಯನ್ನು ಮೆಲ್ಲಗೆ ಒತ್ತುತ್ತ ಹೋದರೆ ಕವಲುಗಳು ತಾವೇ ಅಗಲವಾಗಿ ಕೋಲನ್ನು ತಬ್ಬಿಕೊಳ್ಳುತ್ತವೆ. ಹಳೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ, ಒಂದು ಹಗಲು ಒಂದು ರಾತ್ರಿ ಬಿಡಿ.

ಅಂಟಿನ ವಿಷಯದಲ್ಲಿ ಕಂಜೂಸಿ ಬೇಡ. ನನ್ನ ಮೊದಲ ಆರು ಬಾಣಗಳಿಗೆ ಮಾಮೂಲಿ ಬಿಳಿ ಅಂಟು ಹಾಕಿದ್ದೆ. ಶ್ರಾವಣ ಮುಗಿಯುವುದರೊಳಗೆ ನಾಲ್ಕು ಬಾಣ ಬಾಯಿ ಬಿಟ್ಟಿದ್ದವು. ಈಗ ಎರಡು ಟ್ಯೂಬು ಬೆರೆಸುವ ಎಪಾಕ್ಸಿಯನ್ನೇ ಬಳಸುತ್ತೇನೆ. ಅಂದಕ್ಕೆಂದು ಅಡ್ಡ ಉದ್ದ ಸೀಳಿ ನಾಲ್ಕು ಕವಲು ಮಾಡುವವರೂ ಇದ್ದಾರೆ. ಇಂಗ್ಲೆಂಡಿನ ರೋಜರ್ ಆಸ್ಕಮ್ ತಮ್ಮ ಬಿಲ್ವಿದ್ಯೆಯ ಪುಸ್ತಕದಲ್ಲಿ 1545ರಲ್ಲೇ ಬರೆದಿಟ್ಟಿದ್ದಾರೆ: ಎರಡು ಸಾಕು, ಜಾಸ್ತಿ ಮಾಡಿದರೆ ನೆಲದ ತೇವ ಸಂದಿಗಿಳಿದು ಅಂಟು ಸಡಿಲವಾಗುತ್ತದೆ. ಶಿರಸಿಯಲ್ಲಿ ಒಂದು ಮಳೆಗಾಲ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಣಗಿದ ಮೇಲೆ ಚೌಕದ ನಾಲ್ಕು ಮೂಲೆ ಕೀಸಿ ಎಂಟು ಮುಖ ಮಾಡಿ, ಆಮೇಲೆ ಹದಿನಾರು, ಕೊನೆಗೆ ಪಾಲಿಶ್ ಪೇಪರ್. ಕವಲಿನ ತುದಿಗಳು ಪೈನ್ ಮೇಲೆ ಚೂಪಾಗಿ ಕರಗಿದಂತೆ ಕಾಣುವ ಹೊತ್ತು ನನಗೆ ತುಂಬಾ ಇಷ್ಟ. ಹೆದೆ ಕೂರುವ ಕಚ್ಚನ್ನು ಮರದ ಉಂಗುರದ ಗೆರೆಗಳಿಗೆ ಅಡ್ಡಲಾಗಿ ಕೊಯ್ಯಿರಿ, ಗೆರೆಯ ಗುಂಟ ಕೊಯ್ದರೆ ಹೆದೆಯ ಪೆಟ್ಟಿಗೆ ಕೋಲು ಸೀಳುತ್ತದೆ. ಗರಿ, ಮೊನೆ ಎಂದಿನಂತೆ. ವಾರ್ನಿಶ್ ಮಾತ್ರ ಎರಡು ಕೈ ಬೇಕು, ಸಂದಿಯ ಮೇಲೆ ಮೂರು.

ರಿಪೇರಿಯೂ ಇದೇ ದಾರಿ. ಮೊನೆಯ ಹಿಂದೆ ಮುರಿದಿದ್ದರೆ ಒಡಕಿನ ಭಾಗ ಪೂರ್ತಿ ಕತ್ತರಿಸಿ, ಉಳಿದ ಕೋಲಿಗೆ ಹೊಸ ಬೆಣೆ ತೆಗೆದು, ಸೀಳಿನ 14 ಸೆಂಟಿಮೀಟರ್ ಬಿಟ್ಟು ಮುಂದೆ ಕಳೆದುಹೋದ ಉದ್ದದಷ್ಟು ಉಳಿಯುವಂಥ ಮೂತಿ ಕೊಡಿ. ಕವಲಿನ ತುದಿ ಮಾತ್ರ ಎದ್ದಿದ್ದರೆ ಬ್ಲೇಡಿನಿಂದ ಹಳೆ ಅಂಟು ಕೆರೆದು, ಎಪಾಕ್ಸಿ ತುಂಬಿ, ರೇಷ್ಮೆ ದಾರ ಸುತ್ತಿ. ಕೋಲಿನ ನಡುವೆಯೇ ಬಿರುಕು ಬಂದಿದ್ದರೆ ಅದರ ಆಸೆ ಬಿಡಿ. ಮಳೆಗಾಲದಲ್ಲಿ ಬಾಣಗಳನ್ನು ಗೋಡೆಗೆ ಒರಗಿಸಿಡಬೇಡಿ, ಬಾಗುತ್ತವೆ. ಅಡಿಗೆಮನೆಯ ಅಟ್ಟದಲ್ಲಿ ಮಲಗಿಸಿಡಿ.

ಹೊಸದಿರಲಿ, ರಿಪೇರಿ ಆದದ್ದಿರಲಿ, ಬಿಲ್ಲಿಗೇರಿಸುವ ಮುಂಚೆ ಪ್ರತಿ ಸಲ ಎರಡೂ ತುದಿ ಹಿಡಿದು ಸ್ವಲ್ಪ ಬಗ್ಗಿಸಿ, ಕಿವಿಗೊಟ್ಟು ಕೇಳಿ. ಚಿಟ್ ಎಂದರೆ ಆ ಬಾಣ ಬಿಡಬೇಡಿ. ಹೆದೆಯಿಂದ ಹೊರಡುವಾಗ ಮುರಿದರೆ ಅದರ ಚೂರು ಬಿಲ್ಲು ಹಿಡಿದ ಕೈಗೇ ಚುಚ್ಚುತ್ತದೆ.