ವಿಂಡೋಸ್ 98ಕ್ಕೆ ನೆಟ್‌ವರ್ಕ್ ಸಿಗುತ್ತಿಲ್ಲವೇ? ಮೊದಲು ಲೈಟ್ ನೋಡಿ

ಅಪ್ಪ ತಾಳಮದ್ದಳೆಗೆಂದು ಟೈಪ್ ಮಾಡಿಟ್ಟ ಪದ್ಯಗಳೆಲ್ಲ ಬದಿಯಡ್ಕದ ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲೇ ಉಳಿದಿದ್ದವು. ಫ್ಲಾಪಿ ಡ್ರೈವ್ ಕೆಟ್ಟಿತ್ತು, ಪೆನ್‌ಡ್ರೈವ್ ಹಾಕಿದರೆ ಡ್ರೈವರ್ ಕೇಳುತ್ತಿತ್ತು. ಉಳಿದದ್ದು ನೆಟ್‌ವರ್ಕ್ ಒಂದೇ, ಅದೂ ಸಿಗಲಿಲ್ಲ. ಎರಡು ದಿನ ಸೆಟ್ಟಿಂಗ್ಸ್ ತಡಕಾಡಿದ ಮೇಲೆ ಗೊತ್ತಾಯಿತು, ತೊಂದರೆ ಇದ್ದದ್ದು ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಾರ್ಡ್ ಕೂರುವ ಜಾಗದಲ್ಲಿ. ಅದಕ್ಕೇ ಹೇಳುತ್ತೇನೆ, ಕೇಬಲ್ ಸಿಕ್ಕಿಸುವಲ್ಲಿನ ಸಣ್ಣ ಲೈಟ್ ಉರಿಯುವವರೆಗೆ ವಿಂಡೋಸ್ ಒಳಗೆ ಏನೂ ಮುಟ್ಟಬೇಡಿ.

ವೈಫೈ ಆಸೆ ಬಿಡಿ, ವಿಂಡೋಸ್ 98ಕ್ಕೆ ಈಗಿನ ಡಬ್ಲ್ಯೂಪಿಎ2 (ವೈಫೈ ಭದ್ರತೆಯ ವಿಧಾನ) ತಾನಾಗಿ ಅರ್ಥವಾಗುವುದಿಲ್ಲ. ಫೈಬರ್ ಮೋಡೆಮ್‌ನ ಲ್ಯಾನ್ ಪೋರ್ಟಿನಿಂದ ನೇರ ಕೇಬಲ್ ಎಳೆಯಿರಿ. ಎರಡೂ ಕಡೆ ಸಣ್ಣ ಲೈಟ್ ಉರಿಯಬೇಕು. ಇಲ್ಲವಾದರೆ ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಿ.

ಆಗಲೂ ಉರಿಯದಿದ್ದರೆ ಪವರ್ ವೈರ್ ಕಿತ್ತು ಕ್ಯಾಬಿನೆಟ್ ತೆರೆಯಿರಿ. ನಮ್ಮ ಕಾಸರಗೋಡಿನ ಮಳೆ ಗೊತ್ತಲ್ವಾ, ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇಪ್ಪತ್ತು ವರ್ಷ ಮೂಲೆಯಲ್ಲಿದ್ದ ಕಾರ್ಡಿಗೆ ಏನೂ ಆಗಿರಲ್ಲ ಅಂದುಕೊಳ್ಳುವುದು ಹೇಗೆ? ಸ್ಕ್ರೂ ಬಿಚ್ಚಿ ಕಾರ್ಡನ್ನು ನೇರ ಮೇಲಕ್ಕೆ ಎಳೆಯಿರಿ. ಕೆಳಗಿನ ಚಿನ್ನದ ಬಣ್ಣದ ಪಟ್ಟಿಗಳು ಮಸುಕಾಗಿರುತ್ತವೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ, ಒಂದೇ ದಿಕ್ಕಿಗೆ ಉಜ್ಜಿ. ಜೋರು ಮಾಡಿದರೆ ಲೇಪವೇ ಹೋಗುತ್ತದೆ. ರಬ್ಬರ್ ಪುಡಿ ಒರೆಸಿ ಮತ್ತೆ ಗಟ್ಟಿಯಾಗಿ ಕೂರಿಸಿ. ನನ್ನದು ಇಷ್ಟಕ್ಕೇ ಎದ್ದಿತು.

ಸಿಡಿಲಿಗೆ ಸುಟ್ಟಿದ್ದರೆ ರಬ್ಬರಿನಿಂದ ಏನೂ ಆಗದು. ರಿಯಲ್‌ಟೆಕ್ 8139 ಚಿಪ್ ಇರುವ ಪಿಸಿಐ ಕಾರ್ಡ್ ಹುಡುಕಿ ಹಾಕಿ, ಅದಕ್ಕೆ ವಿಂಡೋಸ್ 98ರ ಡ್ರೈವರ್ ಇದೆ. ತುಲಾ ತಿಂಗಳ ಗುಡುಗು ಕೇಳಿದರೆ ಕೇಬಲನ್ನೂ ಕಿತ್ತಿಡಿ, ಪವರ್ ಪ್ಲಗ್ ಮಾತ್ರ ತೆಗೆದರೆ ಸಾಲದು.

ಲೈಟ್ ಬಂತಾ? ಈಗ ಸ್ಟಾರ್ಟ್, ರನ್, ಅಲ್ಲಿ ವಿನ್‌ಐಪಿಸಿಎಫ್‌ಜಿ (winipcfg) ಅಂತ ಕೊಡಿ. ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ನಂಬರ್, 169.254ರಿಂದ ಶುರುವಾದರೆ ಮೋಡೆಮ್ ಅಡ್ರೆಸ್ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ರಿನ್ಯೂ ಒತ್ತಿ. ಆಗದಿದ್ದರೆ ಮೋಡೆಮ್ 192.168.1.1 ಇದ್ದ ಕಡೆ ನೀವು 192.168.1.50 ಅಂತ ಕೈಯಾರೆ ಹಾಕಿ, ಆ ನಂಬರ್ ಬೇರೆ ಯಾವುದಕ್ಕೂ ಇರಬಾರದು ಅಷ್ಟೇ. ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದಾ ಎಂದು ನೋಡುವ ಕಮಾಂಡ್) ಮಾಡುವಾಗ ಮೊದಲು ಮೋಡೆಮ್‌ಗೆ ಮಾಡಿ. ಹೊಸ ಲ್ಯಾಪ್‌ಟಾಪಿನ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದೇ ಇರಬಹುದು, ಅದನ್ನು ನೋಡಿ ಲೈನ್ ಇಲ್ಲ ಅಂತ ಸುಮ್ನೆ ಗಾಬರಿಯಾಗಬೇಡಿ.

ಪಿಂಗ್ ಬಂದರೂ ವೆಬ್‌ಸೈಟ್‌ಗಳು ತೆರೆಯಲ್ಲ, ಹಳೇ ಬ್ರೌಸರಿಗೆ ಈಗಿನ ಭದ್ರತೆಯ ಭಾಷೆ ಬರುವುದಿಲ್ಲ. ಲ್ಯಾಪ್‌ಟಾಪಿನ ಶೇರ್ ಫೋಲ್ಡರ್ ಕೂಡ ಕಾಣಲ್ಲ, ಏಕೆಂದರೆ 2017ರ ನಂತರದ ವಿಂಡೋಸ್ 10ರಲ್ಲಿ ಫೋಲ್ಡರ್ ಹಂಚಿಕೊಳ್ಳುವ ಹಳೇ ವಿಧಾನವಾದ ಎಸ್‌ಎಂಬಿ1 ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಮತ್ತೆ ಹಾಕಿ ಲ್ಯಾಪ್‌ಟಾಪಿಗೆ ಅಪಾಯ ತರುವುದು ಬೇಡ. ಲ್ಯಾಪ್‌ಟಾಪಿನಲ್ಲಿ ಎಫ್‌ಟಿಪಿ ಸರ್ವರ್ (ನೆಟ್‌ವರ್ಕಿನಲ್ಲಿ ಬರುವ ಫೈಲ್ ತೆಗೆದುಕೊಳ್ಳುವ ಪ್ರೋಗ್ರಾಂ) ಹಾಕಿ, ಸಾದಾ ಎಫ್‌ಟಿಪಿಗೆ ಒಪ್ಪಿಗೆ ಕೊಟ್ಟು, ಹಳೇ ಕಂಪ್ಯೂಟರಿನ ಡಾಸ್ ವಿಂಡೋದಿಂದ ಎಫ್‌ಟಿಪಿ ಕಮಾಂಡಿನಲ್ಲಿ ಕಳಿಸಿ. ಒಳಗೆ ಹೋದ ಕೂಡಲೇ ಬೈನರಿ (binary) ಅಂತ ಟೈಪ್ ಮಾಡಲೇಬೇಕು. ಮರೆತರೆ ಫೈಲ್ ಹೋಗುತ್ತದೆ, ಆದರೆ ಡಾಕ್ಯುಮೆಂಟ್, ಫೋಟೋ ಎಲ್ಲ ಕೆಟ್ಟು ಕೂರುತ್ತದೆ.

ಕನ್ನಡ ಫೈಲ್ ಇರುವವರು ಇನ್ನೊಂದು ಮಾಡಿ. ಆ ಕಾಲದ ಕನ್ನಡ ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಅಪ್ಪನ ಮೊದಲ ಪದ್ಯ ಹಾಗೆ ಕಂಡಾಗ ಎದೆ ಧಸಕ್ಕೆಂದಿತ್ತು. ಹಾಳಾಗಿರಲ್ಲ, ಅಳಿಸಬೇಡಿ. ಹಳೇ ಕಂಪ್ಯೂಟರಿನ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಅಂತ ಇರುತ್ತದೆ, ಅಲ್ಲಿಂದ ಆ ಕನ್ನಡ ಫಾಂಟನ್ನೂ ಕಳಿಸಿ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡಿ. ನಂತರ ಯೂನಿಕೋಡಿಗೆ ಬದಲಿಸಿಕೊಳ್ಳಬಹುದು.

ಎಲ್ಲ ಬಂದ ಮೇಲೆ ಲ್ಯಾಪ್‌ಟಾಪಿನಲ್ಲಿ ನಾಲ್ಕೈದು ಫೈಲ್ ತೆರೆದು ನೋಡಿ, ಎಫ್‌ಟಿಪಿ ಸರ್ವರ್ ನಿಲ್ಲಿಸಿ, ಹಳೇ ಕಂಪ್ಯೂಟರಿನ ಕೇಬಲ್ ತೆಗೆದುಬಿಡಿ.