ಓಮ್ನಿಯ ಹಿಂದಿನ ಬೇರಿಂಗ್: ಕಾಲರ್ ಒಡೆಯಿರಿ, ಆಕ್ಸಲ್ ಉಳಿಸಿ

ಗಾಡಿ ನಲವತ್ತು ದಾಟಿದ ಕೂಡಲೇ ಹಿಂದಿನಿಂದ ‘ಹೂಂ...’ ಅಂತ ಒಂದು ಸದ್ದು ಶುರುವಾಗುತ್ತದೆ. ವೇಗ ಏರಿದಷ್ಟೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಟೈರ್ ಸದ್ದು ಅಂದುಕೊಂಡು ಎಷ್ಟೋ ಜನ ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾರೆ. ಹಿಂದಿನ ಚಕ್ರದ ಬೇರಿಂಗ್ ಸವೆದರೂ ಇದೇ ಸದ್ದು.

ಮಾರುತಿ ಓಮ್ನಿ 1984ರಲ್ಲಿ ಬಂದು 2019ರಲ್ಲಿ ನಿಂತ ಗಾಡಿ. ನಮ್ಮ ಮಲೆನಾಡಿನ ಕಡೆ ಅಡಿಕೆ ಮೂಟೆಗೂ ಮದುವೆ ದಿಬ್ಬಣಕ್ಕೂ ಇವತ್ತಿಗೂ ಅದೇ ಬೇಕು. ಮಳೆಗಾಲದಲ್ಲಿ ಹಳ್ಳ ದಾಟಿ ದಾಟಿ ಬೇರಿಂಗ್ ಒಳಗೆ ಕೆಸರು ನೀರು ನುಗ್ಗುತ್ತದೆ. ತುಕ್ಕು ಹಿಡಿದು ಕೂತರೆ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಆಗ ಬಡಿಯುವುದಕ್ಕೆ ಮೊದಲು ಅದು ಹೇಗೆ ಕೂತಿದೆ ಅಂತ ತಿಳಿದುಕೊಳ್ಳಬೇಕು.

ಈ ಗಾಡಿಯಲ್ಲಿ ಚಕ್ರ ಕೂರುವುದು ಆಕ್ಸಲ್ (ಚಕ್ರ ತಿರುಗಿಸುವ ಸರಳು) ತುದಿಯ ತಟ್ಟೆಗೆ. ಆಕ್ಸಲ್ ಮೇಲೆ ಬೇರಿಂಗ್ ಇದೆ. ಬೇರಿಂಗ್‌ನ ಒಳಬದಿಗೆ ಒಂದು ದಪ್ಪ ಕಬ್ಬಿಣದ ಉಂಗುರ. ಗ್ಯಾರೇಜಿನಲ್ಲಿ ಇದಕ್ಕೆ ಕಾಲರ್ ಅಂತಾರೆ, ಕೆಲವರು ಲಾಕ್ ರಿಂಗ್ ಅಂತಾರೆ. ಅದಕ್ಕೆ ನಟ್ಟೂ ಇಲ್ಲ, ಪಿನ್ನೂ ಇಲ್ಲ. ಬರೀ ಬಿಗಿತದ ಮೇಲೆ ನಿಂತಿದೆ. ಆ ಹಿಡಿತ ತಪ್ಪಿದರೆ ಓಡುವ ಗಾಡಿಯಿಂದ ಚಕ್ರ, ಬ್ರೇಕ್ ಡ್ರಮ್, ಆಕ್ಸಲ್ ಮೂರೂ ಒಟ್ಟಿಗೆ ಹೊರಗೆ ಜಾರುತ್ತವೆ. ಕಾಲರ್ ಕೂರುವ ಜಾಗದಲ್ಲಿ ಆಕ್ಸಲ್‌ಗೆ ಒಂದು ಗೀರೂ ಬೀಳಬಾರದು ಅನ್ನುವುದು ಅದಕ್ಕೇ.

ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಗ್ರೈಂಡರ್ ಬ್ಲೇಡ್ ಕಾಲರ್ ದಾಟಿ ಆಕ್ಸಲ್‌ಗೆ ತಾಗಿತು. ಉಗುರಿನ ತುದಿ ಸಿಕ್ಕಿಕೊಳ್ಳುವಷ್ಟು ಗೀರು, ಅಷ್ಟೇ. ಆದರೂ ಆ ಆಕ್ಸಲ್ ವಾಪಸ್ ಹಾಕಲು ಧೈರ್ಯ ಬರಲಿಲ್ಲ. ಗುಜರಿ ಅಂಗಡಿಗಳನ್ನು ಸುತ್ತಿ ಬೇರೆ ತಂದೆ. ಎರಡು ದಿನ ಹೋಯಿತು.

ಸದ್ದು ಬೇರಿಂಗಿನದೇನಾ?

ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಸದ್ದು ಬದಲಾಗುತ್ತಿದ್ದರೆ ಮೊದಲು ಕ್ರೌನ್ (ಹಿಂದಿನ ಆಕ್ಸಲ್ ನಡುವಿನ ಗೇರುಗಳ ಗೂಡು) ಕಡೆ ನೋಡಿ. ಬೇರಿಂಗ್ ಸದ್ದು ಚಕ್ರದ ವೇಗಕ್ಕೆ ಅಂಟಿಕೊಂಡಿರುತ್ತದೆ. ಬಲಕ್ಕೆ ತಿರುಗಿಸಿದಾಗ ಭಾರ ಎಡ ಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಜೋರಾದರೆ ಎಡಗಡೆಯದ್ದರ ಮೇಲೆ ಅನುಮಾನ ಇಡಿ. ಆಮೇಲೆ ಚಕ್ರ ಎತ್ತಿ, ಒಂದು ಕೈಯಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯನ್ನು ಪಟ್ಟಾ (ಹಿಂದಿನ ಸ್ಪ್ರಿಂಗ್) ಮೇಲೆ ಇಡಿ. ಕೆಟ್ಟ ಬೇರಿಂಗ್ ಆದರೆ ಮರಳು ಅರೆದ ಹಾಗೆ ಕೈಗೆ ಗೊತ್ತಾಗುತ್ತದೆ.

ಬಿಚ್ಚುವ ಮೊದಲು

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಗಾಡಿ ನೆಲದ ಮೇಲಿರುವಾಗಲೇ ವೀಲ್ ನಟ್ ಸಡಿಲಿಸಿ. ಆಮೇಲೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು ಕೂರಿಸಿ. ಬರೀ ಜಾಕ್ ನಂಬಿ ಕೆಲಸ ಮಾಡಬೇಡಿ. ಮುಂದೆ ಗಾಡಿಯನ್ನು ಜೋರಾಗಿ ಜಗ್ಗುವ ಕೆಲಸ ಇದೆ. ಹ್ಯಾಂಡ್ ಬ್ರೇಕ್ ಬಿಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ. ಕ್ರೌನ್ ಆಯಿಲ್ ಮೊದಲೇ ಇಳಿಸಿಬಿಡಿ, ಇಲ್ಲದಿದ್ದರೆ ಆಕ್ಸಲ್ ಜೊತೆ ಅದೂ ಸುರಿಯುತ್ತದೆ.

ಡ್ರಮ್ ಬರದಿದ್ದರೆ ಬಡಿಯಬೇಡಿ. ಅದರ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇವೆ. ಅವಕ್ಕೆ 8 ಎಂಎಂ ಬೋಲ್ಟ್ ಹಾಕಿ, ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು ಬಿಗಿಯುತ್ತಾ ಹೋದರೆ ತಾನಾಗೇ ಹೊರಗೆ ಬರುತ್ತದೆ. ಒಳಗಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ರೇಕ್ ಶೂ, ಹ್ಯಾಂಡ್ ಬ್ರೇಕ್ ಕೇಬಲ್, ಬ್ರೇಕ್ ಪೈಪ್ ಬಿಚ್ಚಿ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೊನೆಗೆ ಬ್ರೇಕ್ ಶೂ ಕೂರುವ ಬ್ಯಾಕ್ ಪ್ಲೇಟ್‌ನ ನಾಲ್ಕು ನಟ್. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಿ.

ಆಕ್ಸಲ್ ಎಳೆಯುವುದು

ನಟ್ ಬಿಚ್ಚಿದ ಮೇಲೂ ಆಕ್ಸಲ್ ಬರುವುದಿಲ್ಲ. ಬೇರಿಂಗ್‌ನ ಹೊರ ಉಂಗುರ ಆಕ್ಸಲ್ ಸುತ್ತಲಿನ ಕೊಳವೆಯಾದ ಹೌಸಿಂಗ್‌ಗೆ ಕಚ್ಚಿಕೊಂಡಿರುತ್ತದೆ. ಸ್ಲೈಡ್ ಹ್ಯಾಮರ್ (ಜಾರುವ ತೂಕದ ಪೆಟ್ಟಿನಿಂದ ಎಳೆಯುವ ಸಾಧನ) ಇದ್ದರೆ ಸರಿ. ಇಲ್ಲದಿದ್ದರೆ ಗ್ಯಾರೇಜಿನವರ ಹಳೇ ಉಪಾಯ ಒಂದಿದೆ. ಬಿಚ್ಚಿದ ಡ್ರಮ್ಮನ್ನು ಹಿಂದುಮುಂದು ಮಾಡಿ ಸ್ಟಡ್‌ಗಳಿಗೆ ತೂರಿಸಿ, ವೀಲ್ ನಟ್‌ಗಳನ್ನು ನಾಲ್ಕೈದು ಸುತ್ತು ಮಾತ್ರ ಹಾಕಿ. ಈಗ ಡ್ರಮ್ ಒಳಗೂ ಹೊರಗೂ ಓಡಾಡುತ್ತದೆ. ಎರಡೂ ಕೈಯಲ್ಲಿ ಹಿಡಿದು ನೇರವಾಗಿ ನಿಮ್ಮ ಕಡೆಗೆ ಜಗ್ಗಿ. ಡ್ರಮ್ ಬಂದು ನಟ್‌ಗಳಿಗೆ ಬಡಿಯುತ್ತದೆ, ಆ ಪೆಟ್ಟು ಆಕ್ಸಲ್‌ಗೆ ಹೋಗುತ್ತದೆ.

ಕಿವಿಗೊಟ್ಟು ಕೇಳಿ. ಮೊದಮೊದಲು ‘ಠಣ್ ಠಣ್’ ಅನ್ನುತ್ತದೆ. ಬೇರಿಂಗ್ ಹಿಡಿತ ಬಿಟ್ಟ ಕೂಡಲೇ ಸದ್ದು ‘ಥಪ್’ ಅಂತ ಮೆತ್ತಗಾಗುತ್ತದೆ. ಅಲ್ಲಿಂದ ಕೈಯಲ್ಲೇ ಎಳೆಯಬಹುದು. ಆಕ್ಸಲ್ ಭಾರ ಇದೆ, ಇನ್ನೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಒಮ್ಮೊಮ್ಮೆ ಬೇರಿಂಗ್ ಬಿಚ್ಚಿಹೋಗಿ ಹೊರ ಉಂಗುರ ಮಾತ್ರ ಹೌಸಿಂಗ್‌ನಲ್ಲೇ ಉಳಿಯುತ್ತದೆ. ಆಗ ವೆಲ್ಡಿಂಗ್ ಗೊತ್ತಿದ್ದವರನ್ನು ಕರೆಯಿರಿ. ಉಂಗುರದ ಒಳಮೈಗೆ ಸುತ್ತಲೂ ಒಂದು ಗೆರೆ ವೆಲ್ಡಿಂಗ್ ಎಳೆದರೆ, ಆರಿದಾಗ ಉಂಗುರ ಕುಗ್ಗಿ ಸಡಿಲವಾಗುತ್ತದೆ. ಆಯಿಲ್ ಪೂರ್ತಿ ಒರೆಸಿ, ಬ್ಯಾಟರಿ ವೈರ್ ತೆಗೆದು, ಬಕೆಟ್‌ನಲ್ಲಿ ಮರಳು ಪಕ್ಕದಲ್ಲೇ ಇಟ್ಟುಕೊಂಡು ಮಾಡುವ ಕೆಲಸ ಇದು.

ಕಾಲರ್ ಒಡೆಯುವುದು

ಇಲ್ಲಿ ಅವಸರ ಬೇಡವೇ ಬೇಡ. ಮರದ ತುಂಡು ಕೊಟ್ಟು ಆಕ್ಸಲ್ಲನ್ನು ವೈಸ್‌ಗೆ ಬಿಗಿಯಿರಿ. ಕಾಲರ್‌ನ ಆಚೆ ಕಾಣುವ ಆಕ್ಸಲ್‌ಗೆ ದಪ್ಪ ಒದ್ದೆ ಬಟ್ಟೆ ಸುತ್ತಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಬೇರಿಂಗ್ ಉಕ್ಕು ಬಾಗುವುದಿಲ್ಲ, ಗಾಜಿನ ಹಾಗೆ ಸಿಡಿಯುತ್ತದೆ.

ಸಣ್ಣ ಗ್ರೈಂಡರ್‌ನಲ್ಲಿ ಕಾಲರ್‌ನ ಎದುರುಬದುರು ಎರಡು ಕಡೆ ಆಕ್ಸಲ್ ಉದ್ದಕ್ಕೆ ಸರಿಯಾಗಿ ಸವೆಸುತ್ತಾ ಬನ್ನಿ. ಪೂರ್ತಿ ಕತ್ತರಿಸಬಾರದು. ನಾಲ್ಕು ಸಲ ಬ್ಲೇಡ್ ಆಡಿಸಿ, ನಿಲ್ಲಿಸಿ, ಒರೆಸಿ, ನೋಡಿ. ಮತ್ತೆ ನಾಲ್ಕು ಸಲ. ಬದಿಯಿಂದ ನೋಡಿದರೆ ಉಂಗುರ ಎಷ್ಟು ಉಳಿದಿದೆ ಅಂತ ಚೆನ್ನಾಗಿ ಕಾಣುತ್ತದೆ. ಪೋಸ್ಟ್ ಕಾರ್ಡಿನ ಎರಡರಷ್ಟು ದಪ್ಪ ಉಳಿದಾಗ ಗ್ರೈಂಡರ್ ಕೆಳಗಿಡಿ. ಆ ತೆಳು ಜಾಗಕ್ಕೆ ಅಗಲ ಬಾಯಿಯ ಚಾಣ ಇಟ್ಟು ಒಂದೇ ಒಂದು ಗಟ್ಟಿ ಪೆಟ್ಟು. ‘ಟಕ್’ ಅಂತ ಬಿರಿಯುತ್ತದೆ. ಆಮೇಲೆ ಕಾಲರ್ ಕೈಯಲ್ಲೇ ಜಾರಿ ಬರುತ್ತದೆ. ಬಿರಿಯದಿದ್ದರೆ ಸುಮ್ನೆ ಬಡಿಯುತ್ತಾ ಕೂರಬೇಡಿ, ಇನ್ನೊಂದು ಚೂರು ಸವೆಸಿ.

ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ತೆಗೆಯುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಕೆಂಪಗೆ ಕಾದರೆ ಆಕ್ಸಲ್‌ನ ಹದ ಹೋಗುತ್ತದೆ. ಹೊರಗಿನಿಂದ ನೋಡಿದರೆ ಅದು ಯಾರಿಗೂ ಗೊತ್ತಾಗುವುದಿಲ್ಲ.

ಬೇರಿಂಗ್‌ಗೆ ಪುಲ್ಲರ್ ಹಾಕಿ, ಇಲ್ಲವೇ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ಒಳ ಉಂಗುರ ಮಾತ್ರ ಆಕ್ಸಲ್ ಮೇಲೆ ಉಳಿದುಬಿಟ್ಟರೆ ಕಾಲರ್‌ಗೆ ಮಾಡಿದ್ದನ್ನೇ ಅದಕ್ಕೂ ಮಾಡಿ.

ಹೊಸದು ಕೂರಿಸುವಾಗ

ಬೇರಿಂಗ್ ಕೂರುವ ಜಾಗವನ್ನು ಒರೆಸಿ, ಉಗುರು ಎಳೆದು ನೋಡಿ. ಉಗುರು ಎಲ್ಲೂ ಸಿಕ್ಕಬಾರದು. ಸಿಕ್ಕಿದರೆ ಆಕ್ಸಲ್ಲನ್ನೇ ಬದಲಿಸಬೇಕು. ಬ್ಯಾಕ್ ಪ್ಲೇಟ್, ಬೇರಿಂಗ್ ಹಿಡಿಯುವ ಪ್ಲೇಟ್, ಸ್ಪೇಸರ್ ಇದ್ದರೆ ಅದು, ಎಲ್ಲವೂ ಮೊದಲೇ ಆಕ್ಸಲ್ ಏರಿರಬೇಕು. ಇದನ್ನು ಮರೆತು ಬೇರಿಂಗ್ ಒತ್ತಿಸಿಬಿಟ್ಟರೆ ಮತ್ತೆ ಗ್ರೈಂಡರ್ ಹಿಡಿಯಬೇಕಾಗುತ್ತದೆ. ತೆಗೆದ ಫೋಟೋ ನೋಡಿಕೊಂಡು ಜೋಡಿಸಿ.

ಪ್ರೆಸ್‌ನಲ್ಲಿ ಒತ್ತುವಾಗ ಬಲ ಬೀಳಬೇಕಾದ್ದು ಒಳ ಉಂಗುರದ ಮೇಲೆ ಮಾತ್ರ. ಅದರ ಅಳತೆಯ ಪೈಪ್ ಕೊಡಿ. ಹೊರ ಉಂಗುರಕ್ಕೆ ಪೆಟ್ಟು ಬಿದ್ದರೆ ಗುಂಡುಗಳು ಓಡುವ ದಾರಿಯಲ್ಲಿ ಗುಳಿ ಬೀಳುತ್ತದೆ, ಹೊಸ ಬೇರಿಂಗೇ ಸದ್ದು ಮಾಡುತ್ತದೆ. ಕಾಲರ್ ಪ್ರತಿ ಸಲ ಹೊಸದೇ ಆಗಬೇಕು. ಬೇರಿಂಗ್‌ಗೆ ಅಂಟಿ, ಸಂದಿ ಇಲ್ಲದೆ ಕೂರಬೇಕು. ಒತ್ತುವಾಗ ಪ್ರೆಸ್‌ಗೆ ಕಷ್ಟ ಅನ್ನಿಸಲೇಬೇಕು. ಬೆಣ್ಣೆಯ ಹಾಗೆ ಜಾರಿ ಹೋದರೆ ಆ ಆಕ್ಸಲ್ ಹಾಕಬೇಡಿ. ಪ್ರೆಸ್ ಮಾಡುವ ಹುಡುಗನ ಪಕ್ಕ ನಿಂತು ಇದನ್ನು ನೀವೇ ಕಣ್ಣಾರೆ ನೋಡಿ.

ಹೌಸಿಂಗ್‌ಗೆ ಹೊಸ ಆಯಿಲ್ ಸೀಲ್ ಹಾಕಿ, ಅದರ ತುಟಿಗೆ ಸ್ವಲ್ಪ ಗ್ರೀಸ್ ಸವರಿ. ಆಕ್ಸಲ್ ನಿಧಾನ ತೂರಿಸಿ. ಒಳಗಿನ ಹಲ್ಲುಗಳು ಕೂಡದಿದ್ದರೆ ಒಂಚೂರು ತಿರುಗಿಸಿ. ಉಳಿದದ್ದು ಬಿಚ್ಚಿದ್ದಕ್ಕೆ ಉಲ್ಟಾ. ಕ್ರೌನ್ ಆಯಿಲ್ಲನ್ನು ಮೇಲಿನ ತೂತಿನಿಂದ ಜಿನುಗುವವರೆಗೆ ತುಂಬಿ. ಬ್ರೇಕ್ ಗಾಳಿ ಪೂರ್ತಿ ತೆಗೆದು, ಪೆಡಲ್ ಗಟ್ಟಿಯಾದ ಮೇಲೇ ರಸ್ತೆಗಿಳಿಯಿರಿ.

ಐವತ್ತು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ, ವೀಲ್ ನಟ್‌ಗಳಿಗೆ ಇನ್ನೊಂದು ಸಲ ಪಾನಾ ಹಾಕಿ. ಟೈರ್‌ನ ಒಳಮೈಗೆ ಕೈ ಹಾಕಿ ಸವರಿ. ಒಣಗಿದ್ದರೆ ಸೀಲ್ ಸರಿಯಾಗಿ ಕೂತಿದೆ. ಕೈಗೆ ಆಯಿಲ್ ಅಂಟಿದರೆ ಅವತ್ತೇ ಮತ್ತೆ ಬಿಚ್ಚಿ, ಬ್ರೇಕ್ ಶೂ ಒದ್ದೆಯಾಗುವ ಮೊದಲು.