ಇಷ್ಟವಾಗದ ನಿಶ್ಚಿತಾರ್ಥದ ಉಂಗುರಕ್ಕೆ ಹೊಸ ರೂಪ ಕೊಡುವ ಬಗೆ

ನಿಶ್ಚಿತಾರ್ಥದ ಉಂಗುರ ಮನಸ್ಸಿಗೆ ಒಪ್ಪದಿದ್ದರೆ ಅದನ್ನು ತೊಡಿಸಿದವರೊಂದಿಗೆ ಮೊದಲು ಮುಚ್ಚುಮರೆಯಿಲ್ಲದೆ ಮಾತನಾಡಬೇಕು. ಅವರಿಗೆ ತಿಳಿಸದೆ ಉಂಗುರವನ್ನು ಒಡೆಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಳಿಕ, ಇಷ್ಟವಾಗದಿರುವುದು ಹರಳೋ, ಅದನ್ನು ಕೂರಿಸಿದ ರೀತಿಯೋ, ಪಟ್ಟಿಯ ದಪ್ಪವೋ ಎಂಬುದನ್ನು ಗುರುತಿಸಿಕೊಳ್ಳಿ. ಎತ್ತರದಲ್ಲಿ ಕುಳಿತ ಹರಳು ಬಟ್ಟೆಯ ನೂಲಿಗೆ, ತಲೆಗೂದಲಿಗೆ ಸಿಕ್ಕಿಕೊಳ್ಳುವುದೇ ಎಷ್ಟೋ ಸಲ ಬೇಸರದ ಮೂಲವಾಗಿರುತ್ತದೆ; ಸುತ್ತಲೂ ಲೋಹದ ಅಂಚು ಕಟ್ಟಿ ಹರಳನ್ನು ತಗ್ಗಿಸಿ ಕೂರಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಹರಳಿನ ಸ್ವಭಾವವನ್ನು ತಿಳಿಯದೆ ಕೆಲಸ ಆರಂಭಿಸಬಾರದು. ಗೀರು ಬೀಳದಂತೆ ತಡೆಯುವ ಗುಣವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಗಡಸುತನದ ಮಾಪಕದಲ್ಲಿ ಮಾಣಿಕ್ಯ ಮತ್ತು ನೀಲಕ್ಕೆ 9, ವಜ್ರಕ್ಕೆ 10 ಅಂಕವಿದೆ. ಆದರೂ ಅಂಚಿಗೆ ಬಲವಾದ ಪೆಟ್ಟು ಬಿದ್ದರೆ ವಜ್ರವೂ ಸೀಳಬಹುದು. ಪಚ್ಚೆಯ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅದರೊಳಗಿನ ಸೂಕ್ಷ್ಮ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ, ಬೆಸುಗೆಯ ಶಾಖಕ್ಕೆ ಆ ಎಣ್ಣೆ ಹೋಗಿ ಬಿರುಕುಗಳು ಎದ್ದು ಕಾಣತೊಡಗುತ್ತವೆ. ಆದ್ದರಿಂದ ಶಾಖ ತಗಲುವ ಮೊದಲೇ ಹರಳನ್ನು ಬಿಡಿಸಿಡಬೇಕು.

ಉಂಗುರವನ್ನು ಒಪ್ಪಿಸುವಾಗ ಹರಳಿನ ಅಳತೆ, ಚಿನ್ನದ ತೂಕ ಮತ್ತು ಕ್ಯಾರೆಟ್ ಬರೆಸಿಕೊಂಡು, ಹರಳಿನೊಳಗಿನ ಕಲೆಗಳನ್ನು ಭೂತಗನ್ನಡಿಯಲ್ಲಿ ನೋಡಿ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ಚಿನ್ನವನ್ನೇ ಕರಗಿಸಿ ಬಳಸಬಹುದಾದರೂ, ಹಳೆಯ ಬೆಸುಗೆಯ ಅಂಶ ಬೆರೆತರೆ ಎರಕದಲ್ಲಿ ಸಣ್ಣ ರಂಧ್ರಗಳು ಉಳಿಯಬಹುದಾದ್ದರಿಂದ, ಅದನ್ನು ಮೊದಲು ಶುದ್ಧಗೊಳಿಸುತ್ತಾರೆಯೇ ಎಂದು ಅಕ್ಕಸಾಲಿಗರನ್ನು ಕೇಳಿ. ಎರಕ ಹೊಯ್ಯುವ ಮುನ್ನ ಮಾದರಿಯನ್ನು ಬೆರಳಿಗೆ ತೊಟ್ಟು, ಮುಷ್ಟಿ ಹಿಡಿದು, ಪಕ್ಕದ ಬೆರಳಿಗೆ ಒತ್ತುತ್ತದೆಯೇ ಎಂದು ನೋಡಿದ ಮೇಲೆಯೇ ಒಪ್ಪಿಗೆ ಕೊಡಿ. ಚಳಿಯಲ್ಲಿ ಬೆರಳು ಕುಗ್ಗುವುದರಿಂದ ಅಳತೆಯನ್ನು ಎರಡು ಬೇರೆ ಬೇರೆ ಹೊತ್ತಿನಲ್ಲಿ ತೆಗೆಸುವುದು ಒಳ್ಳೆಯದು.